ತಪ್ಪಿಲ್ಲದ ಒಂದು ಪುಟ

ನಾಗವೇಣಿಯ ಹೆಸರನ್ನು ನಾನು ಬೇಕೆಂದೇ ಕೆಳಗೆ ಬರೆದೆ. ಅದು ಕೈತಪ್ಪಲ್ಲ. ಇಪ್ಪತ್ತು ವರ್ಷಗಳಿಂದ ನಮ್ಮ ಕೇರಿಯವರೆಲ್ಲ ಅದನ್ನು ಕೈತಪ್ಪು ಎಂದೇ ತಿಳಿದಿದ್ದಾರೆ, ಯಾಕೆಂದರೆ ಹಾಗೆಂದು ಹೇಳಿದವಳು ನಾನೇ — ನಗುತ್ತ ಹೇಳಿದ್ದೆ, ಅವರನ್ನೂ ನಗಿಸಿದ್ದೆ. ಇದನ್ನು ಬರೆಯಲು ಕೂತಾಗ ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಒಲೆಯ ಮೇಲೆ ಅನ್ನ ಕುದಿಯುತ್ತಿದೆ, ಅದರ ಸದ್ದು ಕೇಳುತ್ತಿದೆ. ಅಷ್ಟೆ.

ನಮ್ಮದು ಅಮದಳ್ಳಿಯ ಹತ್ತಿರ, ಹೆದ್ದಾರಿಯಿಂದ ಇಳಿದು ಕಡಲ ಕಡೆಗೆ ಹತ್ತು ನಿಮಿಷ ನಡೆದರೆ ಸಿಗುವ ಕೇರಿ. ಗಂಡಸರು ದೋಣಿಗೆ ಹೋದರೆ ಹೆಂಗಸರು ಬುಟ್ಟಿ ಹೊತ್ತು ಮೊದಲ ಬಸ್ಸಿಗೆ ಕಾರವಾರಕ್ಕೋ ಅಂಕೋಲೆಗೋ ಮೀನು ಮಾರಲು ಹೊರಡುತ್ತಿದ್ದರು. ನನ್ನ ಗಂಡ ಬಿಣಗಾದಲ್ಲಿ ಕಾರ್ಖಾನೆ ಕೆಲಸಕ್ಕಿದ್ದರು, ಹಾಗಾಗಿ ನಾನು ಬುಟ್ಟಿ ಹೊರಲಿಲ್ಲ. ಒಂಬತ್ತನೇ ಇಯತ್ತೆಯವರೆಗೆ ಶಾಲೆಗೆ ಹೋಗಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಕೇರಿಯ ಹೆಂಗಸರೆಲ್ಲ ಸೇರಿ ಸಂಘ ಮಾಡಿದಾಗ, ಪುಸ್ತಕ ಬರೆಯಲು ಹಗಲು ಹೊತ್ತು ಮನೆಯಲ್ಲಿರುವ ಒಬ್ಬಳು ಬೇಕಿತ್ತು. ಹಿರಿಯಳಾದ ದೇವಕ್ಕ ಅಧ್ಯಕ್ಷೆಯಾದಳು, ನಾನು ಸೆಕ್ರೆಟರಿಯಾದೆ.

ನನಗೆ ಕಾಗುಣಿತ ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ, ನಿಮಗೆ ಇಲ್ಲಿ ತಪ್ಪು ಕಾಣದಿದ್ದರೆ ಅದು ತಿದ್ದಿದವರ ಪುಣ್ಯ. ಒತ್ತಕ್ಷರ ಎಲ್ಲೋ ಬಿದ್ದುಹೋಗುತ್ತಿತ್ತು, ದೀರ್ಘ ಬರಬೇಕಾದಲ್ಲಿ ಬರುತ್ತಿರಲಿಲ್ಲ, ಬೇಡದಲ್ಲಿ ಬಂದು ಕೂರುತ್ತಿತ್ತು. ಯಾರಾದರೂ ಅದನ್ನು ಎತ್ತಿ ಹೇಳುವ ಮೊದಲೇ ನಾನೇ ಒಂದು ನೆಪ ಎಸೆದು ನಗಿಸಿಬಿಡುತ್ತಿದ್ದೆ. "ಮನೇಲಿ ಕೊಂಕಣಿ, ಶಾಲೇಲಿ ಕನ್ನಡ, ಬಸ್ಸಲ್ಲಿ ಮರಾಠಿ ಹಾಡು — ಪಾಪ, ಅಕ್ಷರಕ್ಕೆ ದಾರಿ ತಪ್ಪದೆ ಎಂತಾ ಆತದೆ?" ಎನ್ನುತ್ತಿದ್ದೆ. "ಮಹಾಪ್ರಾಣ ಬರೀಬೇಕಾದ್ರೆ ಹೊಟ್ಟೆ ತುಂಬಿರ್ಬೇಕು, ಬೆಳಿಗ್ಗೆ ಬರೀ ಗಂಜಿ ಕುಡ್ದವಳು ನಾನು" ಎನ್ನುತ್ತಿದ್ದೆ. ಕರೆಂಟು ಹೋಗಿತ್ತು, ಕೊಂಬು ಕತ್ತಲಲ್ಲಿ ಎಲ್ಲಿ ಬಿತ್ತೋ — ಎಂದು ಒಮ್ಮೆ ನೆಲವನ್ನೆಲ್ಲ ಹುಡುಕುವಂತೆ ಮಾಡಿದ್ದೆ. ದೇವಕ್ಕ ನಗುತ್ತ ನಗುತ್ತ ಕೆಮ್ಮು ಹತ್ತಿಸಿಕೊಂಡು ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ನನ್ನ ತಪ್ಪುಗಳಿಗಾಗಿಯೇ ಅವರು ನನ್ನನ್ನು ಹೆಚ್ಚು ಪ್ರೀತಿಸುತ್ತಿದ್ದರು. ನಾನಿಲ್ಲದಿದ್ದರೆ ಸಭೆಗೆ ಉಪ್ಪು ಖಾರ ಇಲ್ಲ ಎನ್ನುತ್ತಿದ್ದರು, ನನಗೂ ಹಾಗೇ ಅನ್ನಿಸತೊಡಗಿತ್ತು.

ಸಭೆ ಸೋಮವಾರ. ಸೋಮವಾರ ಮೀನು ತಿನ್ನದವರು ಜಾಸ್ತಿ, ಪೇಟೆಯಲ್ಲಿ ವ್ಯಾಪಾರ ಇಲ್ಲ, ಹಾಗಾಗಿ ಅಂದು ಎಲ್ಲರೂ ಕೇರಿಯಲ್ಲಿರುತ್ತಿದ್ದರು. ಆದರೆ ನೆಮ್ಮದಿಯಾಗಿ ಕೂರುವಂತೆಯೂ ಇರಲಿಲ್ಲ. ದಂಡೆಯಲ್ಲಿ ಬಲೆ ಎಳೆಯುವವರು ಕೂಗು ಹಾಕಿದರೆ ಸಾಕು, ಅರ್ಧ ಮಾತಿನಲ್ಲೇ ಎದ್ದು ಓಡಬೇಕು. ಅದಕ್ಕೇ ನಾವೊಂದು ರೂಢಿ ಮಾಡಿಕೊಂಡಿದ್ದೆವು — ಬಂದ ಕೂಡಲೇ ಮೊದಲು ಸಹಿ. ಖಾಲಿ ಪುಟದ ಕೆಳಗಿನ ಅರ್ಧಕ್ಕೆ ಸಹಿ, ಹೆಬ್ಬೆಟ್ಟು. ಆಮೇಲೆ ಮಾತು. ಮೇಲಿನ ಅರ್ಧವನ್ನು ನಾನು ಮನೆಗೆ ಹೋಗಿ ತುಂಬಿಸುತ್ತಿದ್ದೆ. ಮುಂದಿನ ಸೋಮವಾರ ಅದನ್ನು ಓದಿ ಹೇಳುತ್ತಿದ್ದೆ, ಎಲ್ಲರೂ ಹೂಂ ಎನ್ನುತ್ತಿದ್ದರು. ಯಾರಿಗೂ ಅದರಲ್ಲಿ ಹೆದರಿಕೆ ಕಾಣಿಸಿರಲಿಲ್ಲ. ನನಗೂ ಕಾಣಿಸಿರಲಿಲ್ಲ, ಅಷ್ಟರ ಮಟ್ಟಿಗೆ ನಿಜ.

ನಾಗವೇಣಿ ನನಗಿಂತ ಎರಡು ವರ್ಷ ಚಿಕ್ಕವಳು. ಗಂಡ ಮಲ್ಪೆಯ ಬೋಟಿನಲ್ಲಿ, ಬಂದರೆ ಮಳೆಗಾಲಕ್ಕೆ, ಇಲ್ಲದಿದ್ದರೆ ಅದೂ ಇಲ್ಲ. ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು, ಆದರೆ ಅವಳ ಅಕ್ಷರ — ಏನೆಂದು ಹೇಳಲಿ — ಅಚ್ಚು ಹೊಡೆದ ಹಾಗೆ ಇತ್ತು. ಹೆಬ್ಬೆಟ್ಟುಗಳ ನಡುವೆ ಅವಳ ಸಹಿ ಪೂರ್ತಿ ಹೆಸರಾಗಿ, ನೆಟ್ಟಗೆ ಕೂತಿರುತ್ತಿತ್ತು. ಮತ್ತು ಅವಳು ನಗುತ್ತಿರಲಿಲ್ಲ. ಸಿಡುಕಿಯಲ್ಲ, ಬೇರೆ ಮಾತಿಗೆಲ್ಲ ನಗುವವಳೇ. ನನ್ನ ನೆಪಗಳಿಗೆ ಮಾತ್ರ ನಗುತ್ತಿರಲಿಲ್ಲ.

ಒಮ್ಮೆ ತಾಲೂಕಿನಿಂದ ಮೇಡಂ ಒಬ್ಬರು ಪುಸ್ತಕ ನೋಡಲು ಬರುವುದಿತ್ತು. ಹಿಂದಿನ ದಿನ ನಾಗವೇಣಿ, "ಪ್ರೇಮಕ್ಕ, ಒಂದ್ ಸಲ ಪುಸ್ತಕ ಕೊಡು, ನೋಡಿ ಕೊಡ್ತೆ" ಎಂದು ಕೇಳಿ ತೆಗೆದುಕೊಂಡು ಹೋದಳು. ಮರುದಿನ ಮೇಡಂ ಪುಸ್ತಕ ಬಿಡಿಸಿದಾಗ ಪ್ರತಿ ಪುಟದಲ್ಲೂ ಪೆನ್ಸಿಲ್ಲಿನ ಗುರುತು. ನನ್ನ ಒಂದೊಂದು ತಪ್ಪಿನ ಮೇಲೂ ಸಣ್ಣದಾಗಿ, ಚೊಕ್ಕವಾಗಿ, ಸರಿಯಾದ ಅಕ್ಷರ. ಒಂದು ಪುಟದಲ್ಲಿ ಹದಿನೇಳು ಇದ್ದವು. ನಾನು ಆಮೇಲೆ ಎಣಿಸಿದೆ.

"ಇದನ್ನು ತಿದ್ದಿದವರು ಯಾರು? ಬರುವ ವರ್ಷ ಇವರೇ ಬರೆಯಲಿ" ಎಂದರು ಮೇಡಂ, ಸಹಜವಾಗಿ. ನಾನು ಕೂಡಲೇ, "ಹೌದ್ರೀ ಮೇಡಂ, ನಂದು ನಾಟಿ ಅಕ್ಷರ, ಅವಳದು ಪೇಟೆ ಅಕ್ಷರ, ರೇಟೇ ಬೇರೆ" ಎಂದೆ. ಎಲ್ಲ ನಕ್ಕರು. ಮೇಡಂ ಕೂಡ ನಕ್ಕರು. ನಾಗವೇಣಿ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು —

"ತಪ್ಪಾದ್ರೆ ತಿದ್ದಿದ್ರೆ ಸಾಕಲ, ಪ್ರೇಮಕ್ಕ. ಅದಕ್ಕೆ ನಗೂದ್ ಎಂತಕೆ?"

ಚುಚ್ಚಲು ಹೇಳಿದ್ದಲ್ಲ. ನನಗೆ ಸಹಾಯ ಮಾಡಿದೆನೆಂದೇ ಅವಳು ತಿಳಿದಿದ್ದಳು. ಆದರೆ ಆ ಮಾತು ಬಿದ್ದ ಕೂಡಲೇ ನಗು ನಿಂತಿತು. ಅಷ್ಟು ದಿನ ನಾನು ನೆಪ ಹೇಳಿ ಮುಚ್ಚಿಟ್ಟಿದ್ದು ಏನೆಂದು ಅವರೆಲ್ಲರಿಗೂ ಒಂದು ಗಳಿಗೆ ಕಂಡಿತು: ಇವಳಿಗೆ ಬರೆಯಲು ಬರುವುದಿಲ್ಲ. ನನಗೆ ಮುಖ ಕಾದುಹೋಯಿತು. ನನ್ನ ಜೀವಮಾನದಲ್ಲಿ ಯಾರ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ. ಮನೆಗೆ ಹೋಗಿ ರಬ್ಬರು ಹಿಡಿದು ಆ ಪೆನ್ಸಿಲ್ ಗುರುತುಗಳನ್ನು ಅಳಿಸತೊಡಗಿದೆ, ಎರಡು ಪುಟ ಆಗುವಷ್ಟರಲ್ಲಿ ಹಾಳೆ ಹರಿಯಿತು, ಬಿಟ್ಟೆ.

ಅದೇ ವರ್ಷ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಶುರುವಾಗುವುದಿತ್ತು. ಅಡಿಗೆಗೆ ಊರಿನ ಹೆಂಗಸೇ ಬೇಕು, ನಿಮ್ಮ ಸಂಘದಿಂದ ಎರಡು ಹೆಸರು ಕೊಡಿ ಎಂದು ಹೆಡ್ ಮಾಸ್ತರು ಕೇಳಿಕಳಿಸಿದರು. ಮೊದಲನೇ ಹೆಸರಿನವಳಿಗೆ ಕೆಲಸ. ಎರಡನೆಯವಳು ಬದಲಿ, ಮೊದಲನೆಯವಳಿಗೆ ಹುಷಾರಿಲ್ಲದ ದಿನಕ್ಕೆ ಮಾತ್ರ.

ಸಭೆಯಲ್ಲಿ ಚರ್ಚೆಯೇ ಆಗಲಿಲ್ಲ. ನಾಗವೇಣಿಗೇ ಕೊಡಬೇಕು ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳಿದರು. ಯಾಕೆಂದರೆ ಅವಳ ಮಗಳು ಮಂಜುಳಾ. ಎರಡನೇ ಇಯತ್ತೆ, ನನ್ನ ಮಗಳ ಪಕ್ಕವೇ ಕೂರುತ್ತಿದ್ದಳು. ಆ ಹುಡುಗಿಗೆ ಫಿಟ್ಸ್ ಬರುತ್ತಿತ್ತು. ಎರಡು ಸಲ ಶಾಲೆಯ ಅಂಗಳದಲ್ಲಿ ಬಿದ್ದಿದ್ದಳು, ಒಂದು ಸಲ ಬಾವಿಯ ಕಟ್ಟೆಯ ಹತ್ತಿರವೇ. ಮಾಸ್ತರು ಹೆದರಿಹೋಗಿದ್ದರು — ಮನೆಯವರು ಯಾರಾದರೂ ಹತ್ತಿರವಿದ್ದರೆ ಮಾತ್ರ ಕಳಿಸಿ, ನಮ್ಮ ಕೈಯಲ್ಲಿ ಏನಾದರೂ ಆದರೆ ಯಾರು ಜವಾಬ್ದಾರಿ ಎಂದಿದ್ದರು. ತಾಯಿ ನೋಡಿದರೆ ಮೊದಲ ಬಸ್ಸಿಗೆ ಅಂಕೋಲೆಗೆ ಹೋಗುವವಳು.

"ಅಡಿಗೆ ಕೋಣೆ ಕಿಟಕಿಯಿಂದ ಎರಡ್ನೇ ಇಯತ್ತೆ ಕಾಣ್ತದೆ" ಎಂದಳು ನಾಗವೇಣಿ ಅಂದು. ಮೊದಲೇ ಹೋಗಿ ನೋಡಿಕೊಂಡು ಬಂದಿದ್ದಳು. "ಸಾರು ಕಲಕ್ತಾ ಕಲಕ್ತಾ ನೋಡ್ಬಹುದು ಅವಳ್ನ."

ಬದಲಿಗೆ ಶೋಭಾ ಎಂಬವಳ ಹೆಸರು ಹೇಳಿದರು. ಅವಳು ನನ್ನ ನೆಂಟಳಲ್ಲ, ಗೆಳತಿಯೂ ಅಲ್ಲ. ಅವಳಿಂದ ನನಗೆ ಒಂದು ಲೋಟ ಚಹಾ ಕೂಡ ಬರಬೇಕಾಗಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಏನಾದರೂ ಲಾಭವಿದ್ದು ಮಾಡಿದ್ದರೆ ನಿಮಗೆ ಅರ್ಥವಾಗುತ್ತಿತ್ತು. ಲಾಭ ಇರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಮನೆಯಲ್ಲಿ ಒಬ್ಬಳೇ ಕೂತು ಬರೆದೆ. ಕೆಳಗೆ ಅರ್ಧ ಪುಟ ಸಹಿಗಳು, ನಡುವೆ ನಾಗವೇಣಿಯ ಹೆಸರು, ನೆಟ್ಟಗೆ. ಮೇಲೆ ನಾನು ಒಂದು ಎಂದು ಹಾಕಿ ಶೋಭಾಳ ಹೆಸರು ಬರೆದೆ. ಎರಡು ಎಂದು ಹಾಕಿ ನಾಗವೇಣಿಯದು. ಕೈ ಹಿಂಜರಿಯಲಿಲ್ಲ. ಈ ಪುಟ ಮಾಸ್ತರ ಕೈಗೆ ಹೋಗುತ್ತದೆ, ಇದರಲ್ಲಿ ಯಾರೂ ಪೆನ್ಸಿಲ್ ಇಡಬಾರದು ಎಂದುಕೊಂಡೆ. ಮಗಳ ಪಾಠದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಸಂಶಯ ಬಂದ ಒಂದೊಂದು ಅಕ್ಷರವನ್ನೂ ಅದರಲ್ಲಿ ಹುಡುಕಿ ಹುಡುಕಿ ಬರೆದೆ. ಎಂಟು ಸಾಲಿಗೆ ಒಂದು ತಾಸು ಹಿಡಿಯಿತು. ಮಾರನೆಯ ದಿನ ಝೆರಾಕ್ಸ್ ಮಾಡಿಸಿ, ಸಂಘದ ಸೀಲು ಹೊಡೆದು ಶಾಲೆಗೆ ಕೊಟ್ಟು ಬಂದೆ.

ಮುಂದಿನ ಸೋಮವಾರ ನಡಾವಳಿ ಓದುವಾಗ ಪುಸ್ತಕ ಮುಂದೆ ಹಿಡಿದುಕೊಂಡು ಬಾಯಲ್ಲಿ ಸರಿಯಾಗಿ ಹೇಳಿದೆ: ಒಂದನೇ ಹೆಸರು ನಾಗವೇಣಿ, ಎರಡನೇ ಹೆಸರು ಶೋಭಾ. ಎಲ್ಲರೂ ಹೂಂ ಎಂದರು. ನಾಗವೇಣಿ ಆ ವಾರವೇ ಅಡಿಗೆ ಕೋಣೆ ಗುಡಿಸಿ, ಸೆಗಣಿ ಸಾರಿಸಿ ಬಂದಿದ್ದಳು. ಅಂಕೋಲೆ ಪೇಟೆಯಲ್ಲಿ ತಾನು ವರ್ಷಗಟ್ಟಲೆ ಕೂರುತ್ತಿದ್ದ ಜಾಗವನ್ನು ಬೇರೊಬ್ಬಳಿಗೆ ಬಿಟ್ಟುಕೊಟ್ಟಿದ್ದಳು. ಅದೂ ನನಗೆ ಗೊತ್ತಿತ್ತು.

ಶಾಲೆಯಿಂದ ಶೋಭಾಳಿಗೆ ಕರೆ ಬಂತು. ಶೋಭಾಳೇ ಗಾಬರಿಯಾಗಿ ನಾಗವೇಣಿಯನ್ನೂ ದೇವಕ್ಕನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು; ಹಿಂದೆ ಅರ್ಧ ಕೇರಿ. ಜಗಲಿಯ ಮೇಲೆ ಪುಸ್ತಕ ಬಿಚ್ಚಿದೆ. ನಾಗವೇಣಿ ಕೆಳಗೆ ಕೂತು ಬೆರಳಿಟ್ಟು ಓದಿದಳು. ಮೊದಲ ಸಾಲಿನಿಂದ ಕೊನೆಯವರೆಗೆ, ನಿಧಾನವಾಗಿ. ಮತ್ತೆ ಮೊದಲಿನಿಂದ ಒಂದು ಸಲ. ಅವಳು ತಲೆ ಎತ್ತುವ ಮೊದಲೇ ನಾನು ಹಣೆ ಬಡಿದುಕೊಂಡೆ.

"ಅಯ್ಯೋ, ಹಾಳಾದ್ ಕೈಯೇ! ಇಷ್ಟ್ ದಿವ್ಸ ಅಕ್ಷರ ಹಿಂದೆ ಮುಂದೆ ಮಾಡ್ತಿತ್ತು, ಈಗ ಮನುಷ್ಯರನ್ನೇ ಮೇಲೆ ಕೆಳಗೆ ಮಾಡೂಕೆ ಹತ್ತಿತಲ್ಲೇ! ಹೀಂಗೇ ಬಿಟ್ರೆ ನಾಳೆ ದೇವಕ್ಕನ ಹೆಸ್ರು ಸತ್ತವರ ಪಟ್ಟೀಲಿ ಹಾಕ್ತದೆ!"

ದೇವಕ್ಕ "ಥೂ, ನಿನ್ನ!" ಎಂದು ಬೆನ್ನಿಗೆ ಗುದ್ದಿದಳು. ಶೋಭಾ ನಕ್ಕಳು. ಜಗಲಿ ತುಂಬ ನಗು. ಮತ್ತು ನಾಗವೇಣಿ — ಅವಳೂ ನಕ್ಕಳು. ನನ್ನ ನೆಪಕ್ಕೆ ಅವಳು ನಕ್ಕಿದ್ದು ಅದೇ ಮೊದಲು. ನಂಬಿದಳು ಎಂದುಕೊಂಡೆ.

ಅಲ್ಲಿಗೆ ಸರಿ ಮಾಡಬಹುದಿತ್ತು. ಕೈತಪ್ಪಾಗಿದ್ದರೆ ಸಂಘದಿಂದ ಒಂದು ಚೀಟಿ ಕೊಡಿ, ಹೆಸರು ಬದಲಿಸುತ್ತೇನೆ ಎಂದು ಹೆಡ್ ಮಾಸ್ತರು ಹೇಳಿದರು. ಶೋಭಾ ತಾನಾಗಿ ಬಿಟ್ಟುಕೊಡುತ್ತೇನೆಂದಳು. ಸೀಲು ನನ್ನ ಟ್ರಂಕಿನಲ್ಲಿತ್ತು, ಸಹಿ ನನ್ನದೇ ಆಗಬೇಕಿತ್ತು. ನಾಲ್ಕು ಸಾಲಿನ ಚೀಟಿ, ಇಂದೋ ನಾಳೆಯೋ ಬರೆದುಕೊಡುತ್ತಾಳೆ ಎಂದು ದೇವಕ್ಕ, ಶೋಭಾ ಇಬ್ಬರೂ ಅದನ್ನು ನನಗೇ ಬಿಟ್ಟರು. ನಾಗವೇಣಿ ಬಂದು ಕೇಳಿದಾಗ, "ಪೆನ್ನಿಗೆ ಜ್ವರ ಬಂದದೆ ಮಾರಾಯ್ತಿ" ಎಂದೆ. ಎರಡನೇ ಸಲ ಬಂದಾಗ, "ಅವಸರ ಮಾಡ್ಬೇಡ, ಮತ್ತೆ ತಪ್ಪಿ ಮಾಸ್ತರನ್ನೇ ಅಡಿಗೆಗೆ ಹಾಕಿಬಿಡ್ತೆ" ಎಂದೆ. ಮೂರನೇ ಸಲ ಬಂದಾಗ ಏನು ಹೇಳಿದೆನೋ ನೆನಪಿಲ್ಲ, ಅವಳ ಕೈ ಹಿಡಿದುಕೊಂಡಿದ್ದ ಮಂಜುಳಾ ಮಾತ್ರ ಕಿಸಕ್ಕನೆ ನಕ್ಕಿದ್ದು ನೆನಪಿದೆ. ನಾಲ್ಕನೇ ಸಲ ಅವಳು ಬರಲಿಲ್ಲ. ಅಷ್ಟರಲ್ಲಿ ಶೋಭಾ ಒಲೆ ಹಚ್ಚಿ ಹದಿನೈದು ದಿನವಾಗಿತ್ತು.

ಖುಷಿಯಾಯಿತೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ. ಸಂಕಟವೂ ಆಗಲಿಲ್ಲ. ಆ ದಿನಗಳಲ್ಲಿ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಮಂಜುಳಾ ಶಾಲೆ ಬಿಟ್ಟಳು. ಬಿಡಿಸಿದರು ಅಂತಲ್ಲ, ತಾಯಿ ಬಸ್ಸು ಹತ್ತುವಾಗ ಅವಳೂ ಹತ್ತಿದಳು. ಮೊದಲು ಕೆಲವು ದಿನ ಎಂದರು, ಆಮೇಲೆ ಅದೇ ಆಯಿತು. ದೀಪಾವಳಿ ಕಳೆದ ಮೇಲೆ ನಾನು ಅಂಕೋಲೆಗೆ ಹೋದಾಗ ಮೀನು ಪೇಟೆಯಲ್ಲಿ ಅವರನ್ನು ಕಂಡೆ. ಹಳೆಯ ಜಾಗ ಹೋಗಿತ್ತು. ಕೊನೆಯಲ್ಲಿ, ಗಟಾರದ ಪಕ್ಕ ಕೂತಿದ್ದರು. ಹುಡುಗಿ ತಾಯಿಯ ಹಿಂದೆ ಗೋಣಿ ಚೀಲದ ಮೇಲೆ ಕೂತು ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ಕಿನಿಂದ ನೊಣ ಓಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ಬಂದಳು.

"ದೊಡ್ಡಮ್ಮಾ, ಶಾಲೇಲಿ ಈಗ ಊಟಕ್ಕೆ ಎಂತಾ ಹಾಕ್ತಾರೆ?" ಎಂದು ಕೇಳಿದಳು.

ಅನ್ನ ಸಾರು ಎಂದೆ. "ಅಷ್ಟೇಯಾ?" ಎಂದಳು. ನಾಗವೇಣಿ ಬುಟ್ಟಿಯಿಂದ ಒಳ್ಳೆಯ ನಾಲ್ಕು ಬಂಗಡೆ ಆರಿಸಿ ನನ್ನ ಚೀಲಕ್ಕೆ ಹಾಕಿದಳು. "ತಕಾ ಪ್ರೇಮಕ್ಕ, ತಾಜಾ ಅದೆ" ಎಂದಳು. ಬೇಡ ಎನ್ನಲಿಲ್ಲ ನಾನು. ಮನೆಗೆ ತಂದು ಹುಳಿ ಹಿಂಡಿ ಸಾರು ಮಾಡಿದೆ. ಬಡಿಸಿಕೊಂಡು ತಿಂದೆ. ರುಚಿಯಾಗಿಯೇ ಇತ್ತು.

ಹಾಗೆ ಇಪ್ಪತ್ತು ವರ್ಷ. ಸಂಘ ಇನ್ನೂ ಇದೆ, ಪುಸ್ತಕ ನಾನೇ ಬರೆಯುತ್ತೇನೆ. ನಾಗವೇಣಿ ಆಮೇಲೆ ಯಾವತ್ತೂ ನನ್ನ ಬರಹಕ್ಕೆ ಪೆನ್ಸಿಲ್ ಹಚ್ಚಲಿಲ್ಲ. ನನ್ನ ನೆಪಗಳು ನಡೆದೇ ಇವೆ. ವಯಸ್ಸಾಯಿತಲ್ಲ, ಈಗ ಕನ್ನಡಕದ ಮೇಲೆ ಹಾಕುತ್ತೇನೆ. ಮಂಜುಳಾಳಿಗೆ ಮಾತ್ರೆ ಹಿಡಿಸಿ ಫಿಟ್ಸ್ ಬರುವುದು ನಿಂತು ಬಹಳ ಕಾಲವಾಯಿತು. ತಾಯಿಯ ಪಕ್ಕದಲ್ಲಿ ತನ್ನದೇ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ, ಬಾಯಿ ಜೋರು, ವ್ಯಾಪಾರ ಚೆನ್ನಾಗಿದೆ.

ಕಳೆದ ಸೋಮವಾರ ಅವಳು ಸಂಘಕ್ಕೆ ಹೊಸ ಸದಸ್ಯೆಯಾಗಿ ಸೇರಿದಳು. ರೂಢಿಯಂತೆ ಮೊದಲು ಸಹಿ. ಪುಸ್ತಕ ಮುಂದಿಟ್ಟು ಪೆನ್ನು ಕೊಟ್ಟೆ. ಅವಳು ಪೆನ್ನು ಮುಟ್ಟಲಿಲ್ಲ. ಶಾಯಿ ಪ್ಯಾಡು ತನ್ನ ಕಡೆಗೆ ಎಳೆದುಕೊಂಡು, ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಹೇಳಿದಳು:

"ನೋಡ್ರೇ, ಸೆಕ್ರೆಟ್ರಿ ದೊಡ್ಡಮ್ಮಂಗಿಂತ ನಾನೇ ಬೆಸ್ಟು! ನನ್ನ ಹೆಬ್ಬೆಟ್ಟು ಇವತ್ತಿನವರೆಗೆ ಒಂದ್ ಕಾಗುಣಿತ ತಪ್ಪು ಮಾಡ್ಲಿಲ್ಲ!"

ಎಲ್ಲ ಹೋ ಎಂದು ನಕ್ಕರು. ದೇವಕ್ಕ ಹಲ್ಲಿಲ್ಲದ ಬಾಯಿ ತೆರೆದು ಕಣ್ಣೀರು ಬರುವಂತೆ ನಕ್ಕಳು. ನನ್ನ ನೆಪ ಅದು, ನನ್ನದೇ ಧಾಟಿ. ಚಿಕ್ಕಂದಿನಲ್ಲಿ ನಮ್ಮ ಜಗಲಿಯ ಮುಂದೆ ತಾಯಿಯ ಕೈ ಹಿಡಿದು ನಿಂತು ಕಲಿತದ್ದು. ಪುಟ ಜರುಗದಂತೆ ನಾನು ಹಿಡಿದುಕೊಂಡಿದ್ದೆ. ಅವಳು ಹೆಬ್ಬೆಟ್ಟು ಒತ್ತಿದಳು. ನಾಗವೇಣಿ ನಗಲಿಲ್ಲ. ಮಗಳ ಬೆರಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಸಿಟ್ಟಿನ ನೋಟವಾಗಿರಲಿಲ್ಲ. ತುಂಬ ದಿನದಿಂದ ಗೊತ್ತಿರುವ ಒಂದನ್ನು ಮತ್ತೊಮ್ಮೆ ನೋಡಿದ ಹಾಗೆ ನೋಡಿದಳು.

ಮನೆಗೆ ಬಂದು ಟ್ರಂಕಿನ ತಳದಿಂದ ಹಳೆಯ ಪುಸ್ತಕ ತೆಗೆದೆ. ನಾನು ಅಳಿಸದೆ ಬಿಟ್ಟ ಪೆನ್ಸಿಲ್ ಗುರುತುಗಳು ಹಾಗೇ ಇವೆ, ಮಸುಕಾಗಿಲ್ಲ. ಆಮೇಲೆ ಆ ಪುಟ. ಕನ್ನಡಕ ಹಾಕಿಕೊಂಡು ಓದಿದೆ. ಮಗಳ ಹತ್ತಿರವೂ ಓದಿಸಿದೆ, ತಪ್ಪು ಹುಡುಕು ಎಂದೆ. "ಒಂದೂ ಇಲ್ಲ ಆಯಿ, ಇದು ನೀನು ಬರೆದದ್ದಾ?" ಎಂದಳು.

ಇಡೀ ಪುಸ್ತಕದಲ್ಲಿ ತಪ್ಪಿಲ್ಲದ್ದು ಅದೊಂದೇ ಪುಟ. ನನ್ನ ಹದಿನೇಳು ತಪ್ಪನ್ನು ಹುಡುಕಿ ತಿದ್ದಿದವಳು ಅಂದು ಜಗಲಿಯಲ್ಲಿ ಬೆರಳಿಟ್ಟು ಎರಡು ಸಲ ಓದಿದ್ದು ಅದನ್ನೇ. ಒಂದು ಒತ್ತಕ್ಷರವೂ ಜಾರದ ಹಾಗೆ, ಇಷ್ಟು ಜಾಗ್ರತೆಯಿಂದ ಬರೆದ ಕೈ ಹೆಸರಿನಲ್ಲಿ ಮಾತ್ರ ತಪ್ಪುತ್ತದೆಯೇ ಎಂದು ಅವಳಿಗೆ ತಿಳಿಯದೆ ಇದ್ದೀತೇ? ತಿಳಿದಿತ್ತು. ತಿಳಿದೇ ನಕ್ಕಳು. ತಿಳಿದೇ ಮೂರು ಸಲ ನನ್ನ ಬಾಗಿಲಿಗೆ ಬಂದಳು. ತಿಳಿದೇ ಬಂಗಡೆ ಆರಿಸಿ ಕೊಟ್ಟಳು. ನಾನು ಇಪ್ಪತ್ತು ವರ್ಷ ಮುಚ್ಚಿಟ್ಟೆ ಎಂದುಕೊಂಡದ್ದನ್ನು ಯಾರಿಂದ ಮುಚ್ಚಿಡಬೇಕಿತ್ತೋ ಅವಳೊಬ್ಬಳಿಗೆ ಮಾತ್ರ ಮೊದಲ ದಿನದಿಂದಲೇ ಗೊತ್ತಿತ್ತು.

ನಾಗವೇಣಿ, ತಪ್ಪಾದರೆ ತಿದ್ದಿದರೆ ಸಾಕು ಎಂದಿದ್ದೆ ನೀನು. ಇದನ್ನು ತಿದ್ದಲು ಬರುವುದಿಲ್ಲ. ಆ ಅಡಿಗೆ ಕೋಣೆಯನ್ನು ಕೆಡವಿ ಹೊಸದು ಕಟ್ಟಿದ್ದಾರೆ, ಅದರ ಕಿಟಕಿ ಈಗ ರಸ್ತೆಯ ಕಡೆಗಿದೆ. ನಿನ್ನ ಮಗಳಿಗೆ ಎರಡನೇ ಇಯತ್ತೆಯನ್ನು ನಾನು ಎಲ್ಲಿಂದ ತಂದುಕೊಡಲಿ? ಕ್ಷಮಿಸು ಎಂದು ಬರೆಯಲು ಎರಡು ಸಲ ಹೋದೆ, ನಿಲ್ಲಿಸಿದೆ. ಅದನ್ನು ಕೇಳುವುದೂ ನಿನ್ನ ಮೇಲೆ ಇನ್ನೊಂದು ಭಾರ ಹಾಕಿದಂತೆ.

ಬರುವ ಸೋಮವಾರ ನಡಾವಳಿ ಓದುವವಳು ನಾನೇ. ಹಳೆಯ ಪುಸ್ತಕ ತೆಗೆದುಕೊಂಡು ಹೋಗುತ್ತೇನೆ. ಆ ಪುಟವನ್ನು ಬರೆದಿರುವ ಹಾಗೆಯೇ ಓದುತ್ತೇನೆ, ಆಮೇಲೆ ಈ ಹಾಳೆಗಳನ್ನು. ಮಂಜುಳಾ ಎದುರಿಗೇ ಕೂತಿರುತ್ತಾಳೆ. ನಾನು ಬಾಯಿ ತೆರೆದರೆ ಸಾಕು, ಅವರು ಅಭ್ಯಾಸದ ಮೇಲೆ ನಗಲು ಶುರು ಮಾಡುತ್ತಾರೆ. ನಗಲಿ. ಅವರು ಸುಮ್ಮನಾಗುವವರೆಗೆ ನಿಂತಿದ್ದು, ಮತ್ತೆ ಮೊದಲಿನಿಂದ ಓದುತ್ತೇನೆ.